ಯುರೇಟರ್, ಯುರೆತ್ರಾ ಎರಡೂ ಒಂದೇನಾ?

ಪ್ರಶ್ನೆ:
ಅಪ್ಪಂಗೆ ಪಕ್ಕೆ ನೋವು ಅಂತ ಸ್ಕ್ಯಾನ್ ಮಾಡ್ಸಿದ್ವಿ, ಎಡ ಯುರೇಟರಲ್ಲಿ 6 ಎಂಎಂ ಕಲ್ಲಿದೆ ಅಂತ ರಿಪೋರ್ಟ್ ಬಂದಿದೆ. ನೆಟ್ಟಲ್ಲಿ ನೋಡಿದ್ರೆ ಯುರೇಟರಿಗೂ ಮೂತ್ರನಾಳ ಅಂತಾರೆ, ಯುರೆತ್ರಾಗೂ ಅದನ್ನೇ ಅಂತಾರೆ. ದಾರೀಲಿ ಕಲ್ಲು ಕೂತಿದ್ರೆ ಉಚ್ಚೆ ಕಟ್ಕೋಬೇಕಿತ್ತಲ್ವಾ, ಅವರಿಗೆ ಆರಾಮಾಗೇ ಹೋಗ್ತಿದೆ.

ಉತ್ತರ 1:
ಬೇರೆ ಬೇರೆ. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರೋದು ಯುರೇಟರ್, ಅಲ್ಲಿಂದ ಹೊರಗೆ ಹೋಗೋದು ಯುರೆತ್ರಾ. ರಿಪೋರ್ಟಲ್ಲಿ ಎಡ ಅಂತ ಇದೆಯಲ್ಲ, ಅಲ್ಲೇ ಗೊತ್ತಾಗುತ್ತೆ. ಯುರೇಟರ್ ಕಿಡ್ನಿಗೊಂದರಂತೆ ಎರಡು, ಯುರೆತ್ರಾ ಇರೋದೇ ಒಂದು, ಅದಕ್ಕೆಲ್ಲಿಂದ ಬರ್ಬೇಕು ಎಡ ಬಲ.

ಉತ್ತರ 2:
ನಾನು ನರ್ಸ್, ಒಂದಿಷ್ಟು ಸೇರಿಸ್ತೀನಿ. ಯುರೇಟರ್ ಸುಮಾರು 25 ರಿಂದ 30 ಸೆಂಮೀ ಉದ್ದ, ಒಳಗಿನ ದಾರಿ ಬರೀ 3-4 ಎಂಎಂ, ಅದು ಸುಮ್ನೆ ಪೈಪ್ ಥರ ಇರಲ್ಲ, ಗೋಡೇಲಿ ಮಾಂಸಖಂಡ ಇದೆ, ಅಲೆ ಅಲೆಯಾಗಿ ಹಿಂಡಿ ಮೂತ್ರನ ಕೆಳಗೆ ತಳ್ತಾ ಇರುತ್ತೆ, ಮಲಗಿದ್ರೂ ತಳ್ಳುತ್ತೆ. ಕಲ್ಲು ಅಡ್ಡ ಬಂದ್ರೆ ಮೇಲ್ಗಡೆ ಒತ್ತಡ ಏರಿ ಆ ಪ್ರಾಣ ಹೋಗೋ ಅಂಥ ನೋವು, ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತೆ. ಸಾಮಾನ್ಯವಾಗಿ ಸಿಕ್ಕಾಕೊಳ್ಳೋದು ಕಿಡ್ನಿ ಬಿಡೋ ಜಾಗ, ಸೊಂಟದ ದೊಡ್ಡ ರಕ್ತನಾಳ ದಾಟೋ ಜಾಗ, ಮೂತ್ರಕೋಶ ಸೇರೋ ಜಾಗ, ಈ ಮೂರು ಕಡೆ. ಉಚ್ಚೆ ಯಾಕೆ ಕಟ್ಟಿಲ್ಲ ಅಂದ್ರೆ ಬಲಗಡೆ ಕಿಡ್ನಿ ತನ್ನ ಕೆಲಸ ಮಾಡ್ತಿದೆಯಲ್ಲ. ಕಲ್ಲು ಯುರೆತ್ರಾದಲ್ಲಿ ಸಿಕ್ಕಿದ್ರೆ ಆಗ ಕಟ್ಟುತ್ತೆ.

ಉತ್ತರ 3:
ಯುರೆತ್ರಾ ಗಂಡಸರಲ್ಲಿ 20 ಸೆಂಮೀ ಹತ್ತಿರ, ಹೆಂಗಸರಲ್ಲಿ 4 ಅಷ್ಟೇ, ಅವರಿಗೆ ಪದೇ ಪದೇ ಮೂತ್ರದ ಸೋಂಕು ಆಗೋಕೆ ಅದೂ ಒಂದು ಕಾರಣ. ಇನ್ನೊಂದು, ಡಾಕ್ಟ್ರು ಸ್ಟೆಂಟ್ (ಮೂತ್ರ ಹರಿಯೋಕೆ ಒಳಗಿಡೋ ಸಣ್ಣ ಕೊಳವೆ) ಹಾಕ್ಬೇಕು ಅಂದ್ರೆ ಅದು ಯುರೇಟರಲ್ಲಿ ಕೂರುತ್ತೆ, ಹೊರಗೆ ಚೀಲ ನೇತಾಕೋ ಕ್ಯಾತಿಟರ್ ಯುರೆತ್ರಾ ಮೂಲಕ ಮೂತ್ರಕೋಶಕ್ಕೆ ಹೋಗೋದು. ಇವೆರಡನ್ನೂ ಜನ ಕಲಸ್ತಾರೆ.

ಪ್ರಶ್ನೆ ಕೇಳಿದವರು:
ಈಗ ಅರ್ಥ ಆಯ್ತು ಥ್ಯಾಂಕ್ಸ್. ನೋವು ಸ್ವಲ್ಪ ಕಮ್ಮಿ ಆಗಿದೆ, ಹಾಗಾದ್ರೆ ಕಲ್ಲು ಬಿದ್ದೋಯ್ತು ಅನ್ಕೋಬಹುದಾ?

ಉತ್ತರ 2:
ಅನ್ಕೋಬೇಡಿ, ಕಲ್ಲು ಅಲ್ಲೇ ಇದ್ರೂ ನೋವು ನಿಲ್ಲುತ್ತೆ. ಡಾಕ್ಟ್ರು ಹೇಳಿದ ದಿನಕ್ಕೆ ಮತ್ತೆ ಸ್ಕ್ಯಾನ್ ಮಾಡ್ಸಿ. ಮಧ್ಯೆ ಚಳಿ ಜ್ವರ ಬಂದ್ರೆ, ಉಚ್ಚೆ ನಿಂತ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿನೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.