ಪಿಗ್ಮಿ ಹಣದ ವಿಷಯದಲ್ಲಿ ಒಬ್ಬರು ವಜಾ ಆದರು, ಉಳಿದವರ ಮನಸ್ಸನ್ನು ಮತ್ತೆ ಕೆಲಸಕ್ಕೆ ತರುವುದು ಹೇಗೆ?

ಪ್ರಶ್ನೆ (ಪತ್ತಿನ ಸಹಕಾರಿ ಸಂಘದ ಮ್ಯಾನೇಜರ್, ಶಿರಸಿ):
ನಮ್ಮಲ್ಲಿ 12 ಜನ ಸಿಬ್ಬಂದಿ. ಗ್ರಾಹಕರಿಂದ ದಿನಾ ಸಂಗ್ರಹಿಸುವ ಪಿಗ್ಮಿ ಹಣ ಜಮಾ ಮಾಡದೆ ಬಳಸಿಕೊಂಡದ್ದು ವಿಚಾರಣೆಯಲ್ಲಿ ಸಾಬೀತಾಗಿ, ಹಳೆಯ ನೌಕರರೊಬ್ಬರನ್ನು ಕಳೆದ ವಾರ ವಜಾ ಮಾಡಿದೆವು. ಸಿಬ್ಬಂದಿಗೆ ಏನೂ ಹೇಳಿಲ್ಲ. ಈಗ ಮೀಟಿಂಗಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಇಬ್ಬರು ರಜೆ ಹಾಕಿದ್ದಾರೆ. ಚಾಲಿ ಅಡಿಕೆ ಮಾರಾಟ ಶುರುವಾದರೆ ಕೌಂಟರಿನಲ್ಲಿ ನೂಕುನುಗ್ಗಲು. ಎಲ್ಲರನ್ನೂ ಮುರ್ಡೇಶ್ವರಕ್ಕೆ ಕರೆದೊಯ್ಯೋಣ ಎನ್ನುತ್ತಿದೆ ಆಡಳಿತ ಮಂಡಳಿ. ಸರಿಯೇ?

ಉತ್ತರ (ಮಾನವ ಸಂಪನ್ಮೂಲ ಸಲಹೆಗಾರರು):
ಪ್ರವಾಸ ಸದ್ಯಕ್ಕೆ ಬೇಡ. ಬಾಯಿ ಮುಚ್ಚಿಸಲು ಊಟ ಹಾಕಿಸಿದರು ಅಂತಲೇ ಆಗುತ್ತದೆ.

ಮೊದಲು ಮಾತಾಡಿ. ನಾಳೆ ಕೌಂಟರ್ ತೆರೆಯುವ ಮುಂಚೆ ಅಟೆಂಡರ್, ಪಿಗ್ಮಿ ಏಜೆಂಟರು ಸೇರಿ ಎಲ್ಲರನ್ನೂ ಕರೆಯಿರಿ, ಹತ್ತು ನಿಮಿಷ ಸಾಕು. "ಇಂಥವರು ಈಗ ನಮ್ಮಲ್ಲಿ ಕೆಲಸದಲ್ಲಿಲ್ಲ. ನೋಟಿಸ್ ಕೊಟ್ಟು, ಉತ್ತರ ಪಡೆದು, ವಿಚಾರಣೆ ನಡೆಸಿಯೇ ತೀರ್ಮಾನಿಸಿದ್ದೇವೆ. ಅವರ ಕೆಲಸ ಇಂದಿನಿಂದ ಹೀಗೆ ಹಂಚಿದ್ದೇವೆ." ಮೊತ್ತ, ಸಾಕ್ಷಿ, ಮನೆಯ ಪರಿಸ್ಥಿತಿ ಎತ್ತಬೇಡಿ. ವಿಚಾರಣೆಯ ಕ್ರಮ ಮಾತ್ರ ಬಿಡದೆ ಹೇಳಿ, ಏಕೆಂದರೆ ಉಳಿದವರ ನಿಜವಾದ ಭಯ "ನಾಳೆ ನನ್ನನ್ನೂ ಹೀಗೇ ಕಳಿಸಿದರೆ?" ಎಂಬುದು. ನೀವು ಹೇಳದಿದ್ದರೆ ಐದು ರಸ್ತೆಯ ಚಹಾ ಅಂಗಡಿಯಲ್ಲಿ ಬೇರೆಯೇ ಕತೆ ಹುಟ್ಟುತ್ತದೆ.

ಆಮೇಲೆ ಒಬ್ಬೊಬ್ಬರ ಜೊತೆ ಹದಿನೈದು ನಿಮಿಷ ಕೂರಿ, ವಜಾ ಆದವರ ಪಕ್ಕದ ಟೇಬಲಿನವರಿಂದ ಶುರುಮಾಡಿ. "ಬೇಜಾರಾಯ್ತಾ?" ಎಂದರೆ ಉತ್ತರ ಬರುವುದಿಲ್ಲ. "ನಿಮ್ಮ ಕೆಲಸದಲ್ಲಿ ಈಗ ಯಾವುದು ಹೆಚ್ಚಾಗಿದೆ, ಯಾವುದು ನಿಂತಿದೆ?" ಎಂದು ಕೇಳಿ. ಶಿರಸಿಯಂಥ ಊರಲ್ಲಿ ಹೋದವರು ಯಾರದ್ದೋ ನೆಂಟರು, ಯಾರದ್ದೋ ಪಕ್ಕದ ಮನೆಯವರು. ಅವರ ಜೊತೆ ಮಾತಾಡಬೇಡಿ ಎಂದು ಮಾತ್ರ ಹೇಳಬೇಡಿ. ದೂರು ಕೊಟ್ಟವರನ್ನು ಎಲ್ಲರೆದುರು ಹೊಗಳುವುದೂ ಬೇಡ, ಮರುದಿನದಿಂದ ಅವರು ಒಂಟಿಯಾಗುತ್ತಾರೆ.

ಹೊಸ ತಪಾಸಣೆಯಲ್ಲೇ ಹೆಚ್ಚಿನವರು ಎಡವುವುದು. ಪಿಗ್ಮಿ ಯಂತ್ರದ ಮೊತ್ತವನ್ನೂ ನಗದನ್ನೂ ದಿನಾ ಸಂಜೆ ಇಬ್ಬರು ತಾಳೆ ನೋಡಿ ಸಹಿ ಹಾಕಲಿ, ಸೇಫ್ ತೆರೆಯಲು ಎರಡು ಕೀಲಿಯೂ ಬೇಕಾಗುವಂತಿರಲಿ, ಒಂದೊಂದು ಒಬ್ಬೊಬ್ಬರ ಕೈಯಲ್ಲಿರಲಿ. ನಿಯಮ ನಿಮಗೂ ಅನ್ವಯಿಸಬೇಕು, ಮೊದಲ ದಿನ ನಿಮ್ಮ ಲೆಕ್ಕವೇ ತಪಾಸಣೆಯಾಗಲಿ. ಬರೀ ಗುಮಾಸ್ತರಿಗೆ ಹಾಕಿದರೆ ಎಲ್ಲರನ್ನೂ ಕಳ್ಳರೆಂದಂತೆ.

ಹೆಚ್ಚುವರಿ ಕೆಲಸಕ್ಕೆ ಕೊನೆಯ ದಿನಾಂಕವನ್ನೂ ಭತ್ಯೆಯನ್ನೂ ಬರೆದು ಕೊಡಿ. ಪ್ರವಾಸಕ್ಕಿಟ್ಟ ದುಡ್ಡು ಇಲ್ಲಿಗೆ ಬರಲಿ.

ಉತ್ತರ (ಕಾರ್ಮಿಕ ಕಾನೂನು ವಕೀಲರು, ಕಾರವಾರ):
ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ವಾಟ್ಸಾಪ್ ಗುಂಪಿನಲ್ಲಿ, ನೋಟಿಸ್ ಬೋರ್ಡಿನಲ್ಲಿ "ವಂಚಕ" ಎಂದೆಲ್ಲ ಬರೆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನನಷ್ಟದ ದೂರು ಬರಬಹುದು. ಗ್ರಾಹಕರಿಗೆ "ಇವರು ಇನ್ನು ನಮ್ಮ ಪರವಾಗಿ ಹಣ ಸಂಗ್ರಹಿಸುವಂತಿಲ್ಲ, ನಿಮ್ಮ ಪಾಸ್‌ಬುಕ್ ತಾಳೆ ಮಾಡಿಸಿಕೊಳ್ಳಿ" ಎಂದಿಷ್ಟೇ ತಿಳಿಸಿ.

ಪ್ರಶ್ನೆ (ರೆಸಾರ್ಟ್ ಮೇಲ್ವಿಚಾರಕರು, ಗೋಕರ್ಣ):
ವಜಾ ಆದದ್ದು ಲೈಂಗಿಕ ಕಿರುಕುಳಕ್ಕಾದರೂ ಇದೇ ಕ್ರಮವೇ?

ಉತ್ತರ (ವಕೀಲರು):
ಇಲ್ಲ, ಇನ್ನೂ ಬಿಗಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಂ ಪ್ರಕಾರ ದೂರುದಾರರ, ಆರೋಪಿಯ, ಸಾಕ್ಷಿಗಳ ಗುರುತನ್ನಾಗಲಿ ವಿಚಾರಣೆಯ ವಿವರವನ್ನಾಗಲಿ ಬಹಿರಂಗಪಡಿಸುವಂತಿಲ್ಲ. ದೂರುದಾರರ, ಸಾಕ್ಷಿಗಳ ಗುರುತು ಹೊರಬೀಳದ ಹಾಗೆ ನ್ಯಾಯ ಸಿಕ್ಕಿದೆ ಎಂದು ಹೇಳಲು ಅವಕಾಶವಿದೆ. ಆದರೆ ಹತ್ತಿಪ್ಪತ್ತು ಜನರ ರೆಸಾರ್ಟಿನಲ್ಲಿ ಅಷ್ಟು ಹೇಳಿದರೂ ಯಾರೆಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಕಾರಣ ಹೇಳದೆ ಕೆಲಸದ ಹಂಚಿಕೆ ಮಾತ್ರ ತಿಳಿಸಿ, ದೂರುದಾರರ ಪಾಳಿಯನ್ನು ಅವರನ್ನು ಕೇಳದೆ ಬದಲಾಯಿಸಬೇಡಿ.