‘ಅಮ್ಮ ಹಸಿದುಕೊಂಡೇ ಹೋದಳು’ ಅಂದ ಮಾತು ತಲೆಯಿಂದ ಹೋಗುತ್ತಿಲ್ಲ

ಮೈಸೂರು_ಮಲ್ಲಿಗೆ:
ನಮಸ್ಕಾರ. ಪ್ಯಾಲಿಯೇಟಿವ್ ಕೇರ್, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ನರಳಾಟ ಕಡಿಮೆ ಮಾಡುವ ಆರೈಕೆ, ಅದರ ತಂಡದ ಜೊತೆ ವಾಲಂಟಿಯರ್ ಆಗಿ ಮನೆಗಳಿಗೆ ಹೋಗುತ್ತೇನೆ, ಒಂದೂವರೆ ವರ್ಷ ಆಯಿತು. ಹೊರದೇಶದಲ್ಲಿ ಇಂಥವರನ್ನು ಡೌಲಾ ಅನ್ನುತ್ತಾರಂತೆ, ನಮ್ಮಲ್ಲಿ ‘ಬರ್ತಾರಲ್ಲ ಆ ಮೇಡಂ’ ಅಷ್ಟೇ. ಔಷಧಿ ನನ್ನ ಕೆಲಸ ಅಲ್ಲ. ಪಕ್ಕದಲ್ಲಿ ಕೂರುವುದು, ಒಣಗಿದ ತುಟಿಗೆ ಒದ್ದೆ ಹತ್ತಿ ಸವರುವುದು, ಮನೆಯವರು ಒಂದು ಗಂಟೆ ನಿದ್ದೆ ಮಾಡಲಿ ಅಂತ ಇರುವುದು.

ಹತ್ತು ದಿನದ ಹಿಂದೆ ಒಬ್ಬರು ಅಜ್ಜಿ ಹೋದರು, ಹೊಟ್ಟೆಯ ಕ್ಯಾನ್ಸರ್. ಕೊನೆಯಲ್ಲಿ ಬಾಯಿಗೆ ಏನಿಟ್ಟರೂ ಕಟವಾಯಿಯಿಂದ ಆಚೆ ಬರುತ್ತಿತ್ತು. ಆದರೂ ಮಗಳು ಸ್ಪೂನಿನಲ್ಲಿ ರಾಗಿ ಗಂಜಿ ಹಾಕುತ್ತಲೇ ಇದ್ದಳು, ಅಜ್ಜಿಗೆ ಒಂದೇ ಸಮ ಕೆಮ್ಮು. ನೋಡಲಾಗದೆ ‘ಸಾಕು ಬಿಡಮ್ಮ’ ಅಂತ ಲೋಟ ತೆಗೆದು ಕಿಟಕಿ ಮೇಲಿಟ್ಟೆ. ಮಾರನೇ ದಿನ ಹೆಣದ ಮುಂದೆ ಆಕೆ ನನ್ನನ್ನೇ ನೋಡಿ ಆ ಮಾತು ಹೇಳಿದಳು. ಈಗ ರಾತ್ರಿ ಕಣ್ಣು ಮುಚ್ಚಿದರೆ ಆ ಲೋಟವೇ ಕಾಣುತ್ತದೆ, ಸುಮ್ನೆ ಎದ್ದು ಅಡುಗೆಮನೆಯಲ್ಲಿ ಕೂರುತ್ತೇನೆ. ನೀವೆಲ್ಲ ಹೇಗೆ ತಡೆದುಕೊಳ್ಳುತ್ತೀರಿ? ಬಿಟ್ಟುಬಿಡಲೇ?

ವಾರ್ಡ್_ಅಕ್ಕ:
ನಾನು ನರ್ಸ್, ಸಾಯುವವರನ್ನು ನೋಡಿಕೊಳ್ಳುವ ವಾರ್ಡಿನಲ್ಲೇ ಜಾಸ್ತಿ ಕೆಲಸ ಮಾಡಿದವಳು. ಮೊದಲು ಇದನ್ನು ತಿಳಿದುಕೊಳ್ಳಿ, ಅವರು ಊಟ ಬಿಟ್ಟಿದ್ದಕ್ಕೆ ಸಾಯಲಿಲ್ಲ, ಸಾಯುತ್ತಿದ್ದರು ಅಂತ ಊಟ ಬಿಟ್ಟರು. ಆ ಹೊತ್ತಿಗೆ ದೇಹ ಹಸಿವು ಕೇಳುವುದೇ ನಿಂತಿರುತ್ತದೆ, ನುಂಗುವ ಶಕ್ತಿಯೂ ಇರುವುದಿಲ್ಲ, ಹಾಕಿದ ಗಂಜಿ ಶ್ವಾಸಕೋಶಕ್ಕೆ ಇಳಿಯಬಹುದು. ಆ ಕೆಮ್ಮು ಅದೇ. ಡ್ರಿಪ್ ಹಾಕಿಸಿದರೂ ಅಷ್ಟೇ, ಕಾಲು ಊದುತ್ತದೆ, ಎದೆಯಲ್ಲಿ ಕಫ ಗೊರಗೊರ ಅನ್ನುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಲೋಟ ತೆಗೆದಿದ್ದು ಸರಿ, ಆದರೆ ತೆಗೆಯಬೇಕಾದವರು ನೀವಲ್ಲ. ತಂಡದ ಡಾಕ್ಟರೋ ನರ್ಸೋ ಒಂದು ವಾರ ಮುಂಚೆಯೇ ಮಗಳನ್ನು ಕೂರಿಸಿ ಹೇಳಬೇಕಿತ್ತು. ಅವಳ ಕೈಯಿಂದ ಸ್ಪೂನು ತೆಗೆದರೆ ಬದಲಿಗೆ ಏನಾದರೂ ಕೊಡಬೇಕು ಅಲ್ವಾ? ಆ ಒದ್ದೆ ಹತ್ತಿಯನ್ನೇ ಅವಳಿಗೆ ಕೊಡಬಹುದಿತ್ತು.

ಟೊರಾಂಟೊ_ಕನ್ನಡತಿ:
ನಾನು ಇಲ್ಲಿ ದುಡ್ಡು ತೆಗೆದುಕೊಂಡು ಇದೇ ಕೆಲಸ ಮಾಡುತ್ತೇನೆ. ಡೌಲಾ ಅಂದರೆ ಗ್ರೀಕ್‌ನಲ್ಲಿ ಸೇವಕಿ ಅಂತ, ಹೆಸರು ಕೇಳಿ ದೊಡ್ಡದು ಅಂದುಕೊಳ್ಳಬೇಡಿ. ಸರ್ಕಾರದ ಲೈಸೆನ್ಸ್ ಏನೂ ಇಲ್ಲ, ಅದಕ್ಕೇ ಮೊದಲ ಭೇಟಿಯಲ್ಲೇ ಏನು ಮಾಡುತ್ತೇನೆ, ಏನು ಮಾಡುವುದಿಲ್ಲ ಅಂತ ಬರೆದು ಕೊಡುತ್ತೇನೆ. ಒಂದು ಸಲಕ್ಕೆ ಒಂದೇ ಮನೆ. ಕೊನೆಯ ದಿನಗಳಲ್ಲಿ ಇನ್ನೊಬ್ಬ ಗೆಳತಿ ಜೊತೆ ಪಾಳಿ. ಇದನ್ನೆಲ್ಲ ಕಲಿತದ್ದು ಒಂದು ಸಲ ಪೂರ್ತಿ ಕುಸಿದು ಆರು ತಿಂಗಳು ಮನೆಯಲ್ಲಿ ಕೂತ ಮೇಲೆ.

ನಿಜ ಹೇಳಬೇಕೆಂದರೆ ನಿಮಗೆ ತಂಡ ಇದೆ ಅಂತ ಹೊಟ್ಟೆಕಿಚ್ಚು. ಪಕ್ಕದ ಕೇರಳದಲ್ಲಿ 2008ರಿಂದಲೇ ಇದಕ್ಕೆ ಸರ್ಕಾರದ ನೀತಿ ಇದೆ, ಪಂಚಾಯ್ತಿಯಿಂದ ನರ್ಸ್ ಮನೆಗೆ ಬರುತ್ತಾರೆ, ಊರಿನ ವಾಲಂಟಿಯರ್‌ಗಳು ಜೊತೆಗಿರುತ್ತಾರೆ. ಸಾವಾದ ಮೇಲೆ ಮಾತಾಡಲು ನಿಮ್ಮವರು ಸೇರುತ್ತಾರಾ? ಇಲ್ಲದಿದ್ದರೆ ಕೇಳಿ, ನಾಚಿಕೆ ಬೇಡ.

ಮೇಷ್ಟ್ರು_ತೀರ್ಥಹಳ್ಳಿ:
ತಂಗೀ, ಹನ್ನೆರಡು ವರ್ಷದಿಂದ ಹೋಗುತ್ತಿದ್ದೇನೆ. ಸಾವಿನ ಮನೆಯಿಂದ ಬಂದವರು ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಬರಬೇಕು ಅಂತ ನಮ್ಮಮ್ಮ ಹಟ ಹಿಡಿಯುತ್ತಿದ್ದಳು. ಸೂತಕ, ಗೀತಕ ನನಗೆ ನಂಬಿಕೆ ಇಲ್ಲ. ಆದರೂ ಈಗ ತಪ್ಪದೆ ಮಾಡುತ್ತೇನೆ, ಹಂಡೆಯ ಬಿಸಿನೀರು ನಾಲ್ಕು ಚೊಂಬು ಹೆಚ್ಚೇ ಸುರಿದುಕೊಳ್ಳುತ್ತೇನೆ. ಮೈ ಆರುವ ಹೊತ್ತಿಗೆ ಆ ಮನೆ ಆ ಮನೆಯಲ್ಲೇ ಉಳಿದಿರುತ್ತದೆ.

ಕೆಲಸ ಬಿಡುವ ಮಾತು ಆಮೇಲೆ. ಒಂದು ತಿಂಗಳು ಹೊಸ ಮನೆ ಒಪ್ಪಬೇಡ. ಹದಿಮೂರನೇ ದಿನಕ್ಕೆ ಕರೆದಿದ್ದರೆ ಹೋಗು. ಆ ಹುಡುಗಿ ಬೈದದ್ದು ನಿನಗಲ್ಲ.

ಮೈಸೂರು_ಮಲ್ಲಿಗೆ:
ಅಕ್ಕ, ಒದ್ದೆ ಹತ್ತಿ ಅವಳಿಗೆ ಕೊಡುವುದು ನನಗೆ ಹೊಳೆಯಲೇ ಇಲ್ಲ. ಮೇಷ್ಟ್ರೇ, ಅವಳ ಅಣ್ಣ ಫೋನ್ ಮಾಡಿ ಕರೆದಿದ್ದಾರೆ, ಹೋಗುತ್ತೇನೆ. ಒಬ್ಬಳೇ ಅಲ್ಲ, ನಮ್ಮ ತಂಡದ ನರ್ಸ್ ಬರುತ್ತೇನೆ ಅಂದಿದ್ದಾರೆ, ಕೆಮ್ಮಿನ ವಿಷಯ ಅವರೇ ಹೇಳುತ್ತಾರಂತೆ.