ಚಾಕಣ್ ಕಾರ್ಖಾನೆಯ ಕಚೇರಿಯಲ್ಲಿ ಮೇಲಧಿಕಾರಿಯ ಕಿರುಕುಳ: ಗುತ್ತಿಗೆ ನೌಕರಳಾದ ನಾನು ಯಾರಿಗೆ ದೂರು ಕೊಡಬೇಕು?

ಪ್ರಶ್ನೆ: ಮಲಪ್ರಭಾ ತೀರದವಳು, ಪುಣೆ (25 ನವೆಂಬರ್ 2025)

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಧಾರವಾಡ ಜಿಲ್ಲೆಯವಳು. ಎರಡು ವರ್ಷಗಳಿಂದ ಪುಣೆ ಹತ್ತಿರದ ಚಾಕಣ್ ಕೈಗಾರಿಕಾ ಪ್ರದೇಶದಲ್ಲಿ, ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಕಾರ್ಖಾನೆಯಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರೂ ಕಚೇರಿಯಲ್ಲಿ ಹೆಂಗಸರು ನಾವು ಐವರೇ. ನನ್ನ ಸಂಬಳ ಬರುವುದು ಕಾರ್ಖಾನೆಯಿಂದಲ್ಲ, ಗುತ್ತಿಗೆದಾರರ ಸಂಸ್ಥೆಯಿಂದ.

ಜುಲೈ ತಿಂಗಳಿನಿಂದ ನಮ್ಮ ವಿಭಾಗದ ಮುಖ್ಯಸ್ಥರ ನಡವಳಿಕೆ ಬದಲಾಯಿತು. ಬಿಲ್ಲು ನೋಡುವ ನೆಪದಲ್ಲಿ ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಹೆಗಲ ಮೇಲೆ ಕೈಯಿಟ್ಟು, ಮಾತು ಮುಗಿಯುವವರೆಗೂ ತೆಗೆಯುತ್ತಿರಲಿಲ್ಲ. ಹಿಂದೆ ಯಾರೂ ನಿಲ್ಲಲು ಆಗಬಾರದೆಂದು ನಾನು ಮೇಜು ಕುರ್ಚಿಗಳನ್ನು ಗೋಡೆಗೆ ತಾಗುವಂತೆ ಸರಿಸಿಕೊಂಡೆ. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಅವು ಮತ್ತೆ ಮೊದಲಿನ ಜಾಗದಲ್ಲಿದ್ದವು. ಅವರೇ ಸಿಪಾಯಿಯಿಂದ ಎಳೆಸಿದ್ದರು. ರಾತ್ರಿ ಹನ್ನೊಂದರ ಮೇಲೆ ವಾಟ್ಸ್‌ಆ್ಯಪ್ ಸಂದೇಶಗಳು ಬರತೊಡಗಿದವು. ನಾನು ಓದಿದ್ದು ಕಂಡೊಡನೆ ಅಳಿಸಿಬಿಡುತ್ತಿದ್ದರು. ಮೂರು ಸಂದೇಶಗಳ ಸ್ಕ್ರೀನ್‌ಶಾಟ್ ಮಾತ್ರ ನನ್ನ ಬಳಿ ಇದೆ. ಸೆಪ್ಟೆಂಬರ್ 18ರ ಸಂಜೆ ಕಂಪನಿಯ ಗಾಡಿಯಲ್ಲಿ ನನ್ನ ಪಕ್ಕದಲ್ಲಿಯೇ ಬಂದು ಕುಳಿತು ತೊಡೆಯ ಮೇಲೆ ಕೈಯಿಟ್ಟರು. ನಾನು ಕೂಗಿ ಗಾಡಿ ನಿಲ್ಲಿಸಿ, ಮೋಶಿಯಲ್ಲಿ ಇಳಿದು, ರಿಕ್ಷಾ ಹಿಡಿದು ಮನೆ ಸೇರಿದೆ.

ಅಂದಿನಿಂದ ಅವರು ಮೈ ಮುಟ್ಟಿಲ್ಲ. ಆದರೆ ದೀಪಾವಳಿಗೆ ಊರಿಗೆ ಹೋಗಲು ರಜೆ ಕೊಡಲಿಲ್ಲ. ಜನವರಿಯಲ್ಲಿ ನನ್ನ ಗುತ್ತಿಗೆ ಮುಂದುವರಿಯುವ ವಿಚಾರ ಬಂದಾಗ ಎಲ್ಲರೆದುರು 'ನೋಡೋಣ' ಎಂದರು. ಅಕ್ಟೋಬರ್ ಮೊದಲ ವಾರದಲ್ಲಿ ಎಚ್‌ಆರ್ ಮೇಡಂ ಅವರಿಗೆ ಎಲ್ಲವನ್ನೂ ಬಾಯಿಮಾತಿನಲ್ಲಿ ಹೇಳಿದೆ. ಅವರು 'ಅವರಿಗೂ ಬೆಳೆದ ಮಗಳಿದ್ದಾಳೆ, ಹಾಗೆ ಮಾಡುವವರಲ್ಲ' ಎಂದು ಹೇಳಿ, ಬೇಕಾದರೆ ನನ್ನನ್ನು ನಾಸಿಕ್ ಶಾಖೆಗೆ ಕಳುಹಿಸುವುದಾಗಿ ತಿಳಿಸಿದರು. ಇಂತಹ ದೂರುಗಳನ್ನು ವಿಚಾರಿಸುವ ಸಮಿತಿಯ ಹೆಸರು ಬರೆದ ಫಲಕ ನಮ್ಮ ಕಟ್ಟಡದಲ್ಲಿ ಎಲ್ಲಿಯೂ ಇಲ್ಲ. ಗುತ್ತಿಗೆಯವಳಾದ ನನಗೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ ಕಾನೂನು ಅನ್ವಯಿಸುತ್ತದೆಯೇ? ತಡವಾಯಿತೇ? ಮನೆಯಲ್ಲಿ ಇನ್ನೂ ಹೇಳಿಲ್ಲ. ಹೇಳಿದರೆ ಅಪ್ಪ ಮರುದಿನವೇ ಊರಿಗೆ ಕರೆಸಿಕೊಳ್ಳುತ್ತಾರೆ.

ಉತ್ತರ 1: ಮುಲುಂಡ್ ಅಕ್ಕ, ಮುಂಬೈ

ತಂಗಿ, ತಡವಾಗಿಲ್ಲ, ಆದರೆ ದಿನಗಳು ಕಡಿಮೆ ಇವೆ. ನಾನು ಎಂಟು ವರ್ಷಗಳಿಂದ ಮುಂಬೈಯ ಕೆಲವು ಸಂಸ್ಥೆಗಳ ಆಂತರಿಕ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂರುತ್ತಿದ್ದೇನೆ. ಈ ಕೆಲಸದಲ್ಲಿ ನಾನು ಕಂಡ ಅತಿ ದೊಡ್ಡ ನಷ್ಟವೆಂದರೆ, ನಿಜವಾಗಿ ನೊಂದ ಹೆಣ್ಣುಮಕ್ಕಳು ಬಾಯಿಮಾತಿನಲ್ಲಿ ಹೇಳಿದ್ದನ್ನೇ ದೂರು ಎಂದು ನಂಬಿ ಕಾಯುತ್ತಾ ಕುಳಿತು ಅವಧಿ ಮೀರಿಸಿಕೊಂಡಿರುವುದು. ಎಚ್‌ಆರ್‌ನವರ ಮುಂದೆ ನೀವು ಅತ್ತದ್ದು ದೂರು ಅಲ್ಲ. ಸಮಿತಿಯ ಕೈಗೆ ಬರಹದಲ್ಲಿ ತಲುಪಿದ್ದು ಮಾತ್ರ ದೂರು.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಒಂಬತ್ತನೆಯ ಕಲಂ ಪ್ರಕಾರ, ಘಟನೆ ನಡೆದ ಮೂರು ತಿಂಗಳೊಳಗೆ, ಘಟನೆಗಳು ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ, ಲಿಖಿತ ದೂರು ಕೊಡಬೇಕು. ನಿಮ್ಮ ಕೊನೆಯ ಘಟನೆ ಸೆಪ್ಟೆಂಬರ್ 18ರದು. ಆದ್ದರಿಂದ ಡಿಸೆಂಬರ್ 18 ನಿಮ್ಮ ಗಡಿ. ಸಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳನ್ನು ಕೊಡಬಹುದು, ಆದರೆ ಅದು ಅವರ ಮನವರಿಕೆಗೆ ಬಿಟ್ಟದ್ದು. ರಜೆ ನಿರಾಕರಿಸಿದ್ದನ್ನೂ ಗುತ್ತಿಗೆಯ ಮಾತನ್ನೂ ಕಿರುಕುಳದ ಮುಂದುವರಿಕೆ ಎಂದು ಭಾವಿಸಿ ದಿನ ಎಣಿಸಬೇಡಿ. ಪಶ್ಚಿಮ ಬಂಗಾಳದ ವಿಶ್ವವಿದ್ಯಾಲಯವೊಂದರ ಅಧ್ಯಾಪಕಿಯೊಬ್ಬರು 2023ರ ಏಪ್ರಿಲ್‌ನ ಘಟನೆಗೆ ಡಿಸೆಂಬರ್‌ನಲ್ಲಿ ದೂರು ಕೊಟ್ಟಿದ್ದರು. ನಂತರ ತಮ್ಮನ್ನು ಹುದ್ದೆಯಿಂದ ಸರಿಸಿದ್ದು ಅದೇ ಕಿರುಕುಳದ ಭಾಗವೆಂಬ ಅವರ ವಾದವನ್ನು ಸುಪ್ರೀಂ ಕೋರ್ಟ್ ಇದೇ ಸೆಪ್ಟೆಂಬರ್‌ನಲ್ಲಿ ಒಪ್ಪಲಿಲ್ಲ. ದೂರು ಅವಧಿ ಮೀರಿದೆ ಎಂದಿತು. ಆರೋಪಿತರ ವೃತ್ತಿವಿವರದಲ್ಲಿ ಈ ತೀರ್ಪಿನ ಉಲ್ಲೇಖ ಇರಬೇಕೆಂದೂ ನ್ಯಾಯಾಲಯ ಆದೇಶಿಸಿತು, ನಿಜ. ಆದರೆ ಆಕೆಯ ದೂರಿನ ವಿಚಾರಣೆ ನಡೆಯಲೇ ಇಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಗುತ್ತಿಗೆಯ ಬಗ್ಗೆ ನಿಶ್ಚಿಂತರಾಗಿರಿ. ನೇರವಾಗಿ ನೇಮಕಗೊಂಡವರು, ಗುತ್ತಿಗೆದಾರರ ಮೂಲಕ ಬಂದವರು, ತರಬೇತಿಯಲ್ಲಿರುವವರು, ದಿನಗೂಲಿಯವರು, ಸಂಬಳವಿಲ್ಲದೆ ದುಡಿಯುವವರು ಸಹ ಈ ಕಾಯ್ದೆಯ ಪ್ರಕಾರ ಉದ್ಯೋಗಿಗಳೇ. ನೀವು ದುಡಿಯುವ ಜಾಗ ಕಾರ್ಖಾನೆ, ಆರೋಪಿತರೂ ಅಲ್ಲಿಯವರೇ; ಆದ್ದರಿಂದ ಕಾರ್ಖಾನೆಯ ಆಂತರಿಕ ಸಮಿತಿಗೇ ದೂರು ಕೊಡಿ. ಕಂಪನಿ ಒದಗಿಸಿದ ಗಾಡಿಯೂ ಕೆಲಸದ ಸ್ಥಳವೇ ಆಗುತ್ತದೆ. ಈ ಅಂಶವನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ 'ಅದು ಕಚೇರಿಯ ಹೊರಗೆ ನಡೆದದ್ದು' ಎಂಬ ವಾದ ಬಂದೇ ಬರುತ್ತದೆ.

ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿಯೊಂದು ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಲೇಬೇಕು: ಹಿರಿಯ ಹುದ್ದೆಯ ಮಹಿಳೆ ಅಧ್ಯಕ್ಷೆ, ಕನಿಷ್ಠ ಇಬ್ಬರು ನೌಕರರು, ಹೊರಗಿನ ಒಬ್ಬ ಸದಸ್ಯರು, ಅರ್ಧದಷ್ಟಾದರೂ ಮಹಿಳೆಯರು. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿಯವರೆಗೆ ದಂಡವಿದೆ. ಸಮಿತಿಯ ಸದಸ್ಯರ ಹೆಸರುಗಳನ್ನು ತಿಳಿಸುವಂತೆ ಎಚ್‌ಆರ್‌ಗೆ ಇಂದೇ ಒಂದು ಇ-ಮೇಲ್ ಕಳುಹಿಸಿ, ಕಾರಣ ಬರೆಯಬೇಕಾಗಿಲ್ಲ. ಎರಡು ಮೂರು ದಿನಗಳಲ್ಲಿ ಉತ್ತರ ಬರದಿದ್ದರೆ ಕಾಯದೆ, ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಶೀ-ಬಾಕ್ಸ್ ಜಾಲತಾಣದಲ್ಲಿ ದೂರು ದಾಖಲಿಸಿ, ಪುಣೆ ಜಿಲ್ಲಾಡಳಿತದ ಜಿಲ್ಲಾ ಅಧಿಕಾರಿಗೂ ಪ್ರತಿ ಕೊಡಿ.

ದೂರನ್ನು ಆರು ಪ್ರತಿಗಳಲ್ಲಿ ಕೊಡಬೇಕು. ದಿನಾಂಕ, ವೇಳೆ, ಜಾಗ, ಆಡಿದ ಮಾತು, ಯಾರಿದ್ದರು ಎಂಬುದನ್ನು ನಡೆದ ಕ್ರಮದಲ್ಲಿಯೇ ಬರೆಯಿರಿ. ಮೇಜನ್ನು ಸರಿಸಿಕೊಂಡ ಸಂಗತಿಯನ್ನು ಬಿಡಬೇಡಿ. ನೀವು ಅವರ ನಡವಳಿಕೆಯನ್ನು ಒಪ್ಪಿರಲಿಲ್ಲ ಎಂಬುದನ್ನು ಅದು ಹತ್ತು ಮಾತುಗಳಿಗಿಂತ ಚೆನ್ನಾಗಿ ಹೇಳುತ್ತದೆ. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಫೋನ್ ಬದಲಾಯಿಸಬೇಡಿ, ಸ್ಕ್ರೀನ್‌ಶಾಟ್‌ಗಿಂತ ಸಂದೇಶ ಬಂದ ಮೂಲ ಫೋನಿಗೆ ಬೆಲೆ ಹೆಚ್ಚು. ಹೇಳಿಕೆಯನ್ನು ಮರಾಠಿಯಲ್ಲಿ ಬರೆದುಕೊಂಡರೆ, ಪೂರ್ತಿ ಓದಿಸಿ ಅರ್ಥ ಮಾಡಿಕೊಳ್ಳದೆ ಸಹಿ ಹಾಕಬೇಡಿ. ಕರ್ನಾಟಕದಿಂದ ಬಂದ ಎಷ್ಟೋ ಹೆಣ್ಣುಮಕ್ಕಳು ಸಂಕೋಚದಿಂದ ಸಹಿ ಹಾಕಿ, ನಂತರ ತಮ್ಮ ಹೇಳಿಕೆಯಲ್ಲಿ ತಾವು ಆಡದ ಮಾತನ್ನು ಕಂಡು ಕೊರಗಿದ್ದನ್ನು ನೋಡಿದ್ದೇನೆ.

ನಾಸಿಕ್ ವಿಚಾರ: ವಿಚಾರಣೆ ನಡೆಯುವಾಗ ಸಮಿತಿ ವರ್ಗಾವಣೆಯನ್ನು ಶಿಫಾರಸು ಮಾಡುವುದು ನೀವು ಲಿಖಿತವಾಗಿ ಕೇಳಿದರೆ ಮಾತ್ರ. ನಿಮ್ಮ ಬದಲು ಅವರನ್ನೇ ವರ್ಗಾಯಿಸಿ ಎಂದು ಕೇಳುವ ಹಕ್ಕೂ ನಿಮಗಿದೆ. ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ಕೇಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಕೆಲಸದ ಮೌಲ್ಯಮಾಪನವನ್ನು ಅವರು ಬರೆಯಕೂಡದು ಎಂಬ ಆದೇಶವನ್ನು ಕೇಳಿ; ಜನವರಿಯ ಗುತ್ತಿಗೆಯ ದೃಷ್ಟಿಯಿಂದ ಇದು ನಿಮಗೆ ಅತ್ಯಗತ್ಯ.

ಉತ್ತರ 2: ಪಿಂಪ್ರಿ ನಿವಾಸಿ

ಸಹೋದರಿ, ನಿಮ್ಮ ಒಳಿತಿಗಾಗಿ ಬರೆಯುತ್ತಿದ್ದೇನೆ. ಈ ಭಾಗದ ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷ ದುಡಿದಿದ್ದೇನೆ. ಗುತ್ತಿಗೆಯವರ ಮಾತಿಗೆ ಇಲ್ಲಿ ಬೆಲೆ ಕಡಿಮೆ. ದೂರು ಸಾಬೀತಾಗದಿದ್ದರೆ ನಿಮ್ಮ ಮೇಲೆಯೇ ಕ್ರಮ ಬರಬಹುದು. ಬೇರೆ ಕಡೆ ಕೆಲಸ ಹುಡುಕಿಕೊಂಡು ಗೌರವದಿಂದ ಹೊರಬರುವುದು ಒಳ್ಳೆಯದೆಂದು ನನಗೆ ಅನಿಸುತ್ತದೆ.

ಉತ್ತರ 3: ಠಾಣೆಯಿಂದ ಒಬ್ಬರು

ಮೇಲಿನ ಹಿರಿಯರ ಕಾಳಜಿ ಅರ್ಥವಾಗುತ್ತದೆ. ಆದರೆ ನಾನು ಹಾಗೆಯೇ ಹೊರಬಂದವಳು, ಅದಕ್ಕಾಗಿ ಬರೆಯುತ್ತಿದ್ದೇನೆ. 2018ರಲ್ಲಿ ಒಂದು ಖಾಸಗಿ ಸಂಸ್ಥೆಯಲ್ಲಿ ನನಗೂ ಇಂಥದೇ ಅನುಭವವಾಯಿತು. ನಾನು ರಾಜೀನಾಮೆ ಪತ್ರದಲ್ಲಿ 'ವೈಯಕ್ತಿಕ ಕಾರಣ' ಎಂದು ಬರೆದೆ. ಹೊಸ ಕೆಲಸದ ಸಂದರ್ಶನಗಳಲ್ಲಿ ಆ ಕಾರಣ ಯಾವುದೆಂದು ಕೇಳಿದಾಗಲೆಲ್ಲ ನಾಲಿಗೆ ಒಣಗುತ್ತಿತ್ತು. ಒಂದು ವರ್ಷದ ನಂತರ ನನ್ನ ಕುರ್ಚಿಯಲ್ಲಿ ಕುಳಿತ ಹುಡುಗಿ ನನ್ನ ನಂಬರ್ ಹುಡುಕಿ ಫೋನ್ ಮಾಡಿ, 'ಅಕ್ಕಾ, ನಿಮಗೂ ಹೀಗೇ ಆಗಿತ್ತಾ?' ಎಂದು ಕೇಳಿದಳು. ಅಷ್ಟು ಹೊತ್ತಿಗೆ ನಾನು ದೂರು ಕೊಡುವ ಅವಧಿ ಎಂದೋ ಮುಗಿದಿತ್ತು. ಆಕೆಯ ದೂರಿಗೆ ಸಾಕ್ಷಿಯಾಗಿ ಹೋಗಲು ಮಾತ್ರ ನನ್ನಿಂದಾಯಿತು, ಹೋದೆ.

ಸಾಬೀತಾಗದಿದ್ದರೆ ಕ್ರಮ ಎಂಬ ಮಾತು ಸರಿಯಲ್ಲ. ದುರುದ್ದೇಶದಿಂದ ಅಥವಾ ಸುಳ್ಳೆಂದು ತಿಳಿದೂ ಕೊಟ್ಟ ದೂರಿಗೆ, ಇಲ್ಲವೇ ನಕಲಿ ದಾಖಲೆ ಕೊಟ್ಟಿದ್ದಕ್ಕೆ ಮಾತ್ರ ಕ್ರಮವಿದೆ, ಅದಕ್ಕೂ ಮೊದಲು ದುರುದ್ದೇಶವಿತ್ತೆಂಬುದು ವಿಚಾರಣೆಯಲ್ಲಿ ಸಿದ್ಧವಾಗಬೇಕು. ಪುರಾವೆ ಸಾಲದೇ ಹೋಯಿತೆಂಬ ಒಂದೇ ಕಾರಣಕ್ಕೆ ದೂರುದಾರಳ ಮೇಲೆ ಕ್ರಮ ಕೈಗೊಳ್ಳಬೇಕಾಗಿಲ್ಲವೆಂದು ಹದಿನಾಲ್ಕನೆಯ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಈ ಒಂದು ಹೆದರಿಕೆಯೇ ಅಂದು ನನ್ನ ಬಾಯಿ ಕಟ್ಟಿಹಾಕಿತ್ತು. ತಪ್ಪು ಮಾಹಿತಿಯಿಂದ ಇನ್ನೊಬ್ಬ ಹೆಣ್ಣುಮಗಳು ಸುಮ್ಮನಾಗಬಾರದು.

ಉತ್ತರ 4: ಜುವಾರಿ ದಂಡೆ, ವಾಸ್ಕೋ

ನಾನು ಗೋವಾದಲ್ಲಿ ವಕೀಲೆ. ಸಮಿತಿಯ ಮುಂದೆ ಎರಡೂ ಕಡೆಯವರು ವಕೀಲರನ್ನು ಕರೆತರುವಂತಿಲ್ಲ, ಆದ್ದರಿಂದ ದೂರಿನ ಕರಡನ್ನು ತಿಳಿದವರಿಗೆ ಮೊದಲೇ ತೋರಿಸಿ. ವರಮಾನ ಎಷ್ಟೇ ಇದ್ದರೂ ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಬಹುದು.

ಪೊಲೀಸ್ ದೂರಿಗೆ ಮೂರು ತಿಂಗಳ ಆ ಮಿತಿ ಅನ್ವಯಿಸುವುದಿಲ್ಲ. ಲೈಂಗಿಕ ಕಿರುಕುಳಕ್ಕೆ ಭಾರತೀಯ ನ್ಯಾಯ ಸಂಹಿತೆಯ 75ನೆಯ ಕಲಂ ಇದೆ. ಗಾಡಿಯಲ್ಲಿ ನಡೆದಂತಹ ಕೃತ್ಯಕ್ಕೆ ಮೂರು ವರ್ಷದವರೆಗೆ ಶಿಕ್ಷೆ, ಅಶ್ಲೀಲ ಮಾತಿಗೆ ಒಂದು ವರ್ಷದವರೆಗೆ. ಸಮಿತಿಗೂ ಪೊಲೀಸರಿಗೂ ಒಟ್ಟಿಗೆ ದೂರು ಕೊಡಲು ಅಡ್ಡಿಯಿಲ್ಲ. ಪೊಲೀಸ್ ದೂರು ಕೊಡಲು ನೀವು ಬಯಸಿದರೆ ನೆರವಾಗುವುದು ಮಾಲೀಕರ ಕರ್ತವ್ಯವೂ ಹೌದು.

ಇನ್ನೊಂದು ಮಾತನ್ನು ನಮ್ಮ ಗೋವಾದ ಅನುಭವದಿಂದ ಹೇಳಬೇಕು. ಇಲ್ಲಿನ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ, 2009ರಲ್ಲಿ ವಿದ್ಯಾರ್ಥಿನಿಯರು ಕೊಟ್ಟ ದೂರುಗಳ ವಿಚಾರಣೆಯನ್ನು ಸಮಿತಿ ಅವಸರದಲ್ಲಿ ಮುಗಿಸಿತು. ಆರೋಪಿತರಿಗೆ ಸಮರ್ಥಿಸಿಕೊಳ್ಳಲು ಸಾಕಷ್ಟು ಅವಕಾಶ ಸಿಗಲಿಲ್ಲವೆಂಬ ಕಾರಣಕ್ಕೆ 2023ರ ಮೇ 12ರಂದು ಸುಪ್ರೀಂ ಕೋರ್ಟ್ ಅವರ ವಜಾ ಆದೇಶವನ್ನು ರದ್ದುಮಾಡಿ ವಿಚಾರಣೆಯನ್ನು ಮತ್ತೆ ಸಮಿತಿಗೆ ಕಳುಹಿಸಿತು. ಹದಿನಾಲ್ಕು ವರ್ಷಗಳ ನಂತರ ಮತ್ತೆ ಮೊದಲಿನ ಮೆಟ್ಟಿಲು! ಕಾಯ್ದೆಯ ಜಾರಿಯಲ್ಲಿ ಗಂಭೀರ ಲೋಪಗಳಿವೆಯೆಂದು ನ್ಯಾಯಾಲಯ ಬೇಸರಪಟ್ಟು ದೇಶದಾದ್ಯಂತ ಸಮಿತಿಗಳ ಪರಿಶೀಲನೆಗೆ ಸೂಚಿಸಿದ್ದು ಇದೇ ಪ್ರಕರಣದಲ್ಲಿ. ಆದ್ದರಿಂದ ನಿಮ್ಮ ಮುಖ್ಯಸ್ಥರಿಗೆ ಉತ್ತರಿಸಲು ಹತ್ತು ಕೆಲಸದ ದಿನಗಳು ಸಿಗಲಿ, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶವೂ ಸಿಗಲಿ, ಅದರಿಂದ ಕುಗ್ಗಬೇಡಿ. ಸರಿಯಾಗಿ ನಡೆದ ವಿಚಾರಣೆಯ ತೀರ್ಮಾನವೇ ಮುಂದೆ ನಿಮ್ಮ ಪರವಾಗಿ ಗಟ್ಟಿಯಾಗಿ ನಿಲ್ಲುತ್ತದೆ. ತೊಂಬತ್ತು ದಿನಗಳಲ್ಲಿ ವಿಚಾರಣೆ ಮುಗಿಯಬೇಕು, ವರದಿ ಬಂದ ಅರವತ್ತು ದಿನಗಳಲ್ಲಿ ಸಂಸ್ಥೆ ಕ್ರಮ ಕೈಗೊಳ್ಳಬೇಕು.

ಇದನ್ನು ಓದುತ್ತಿರುವ ಇತರರಿಗೆ ಒಂದು ಮಾತು: ವಿಜಯಪುರ, ಬಾಗಲಕೋಟೆ ಕಡೆಯಿಂದ ಇಲ್ಲಿಗೆ ಬಂದು ಮನೆಗೆಲಸ ಮಾಡುವ ನಮ್ಮ ಹೆಣ್ಣುಮಕ್ಕಳಿಗೂ ಈ ಕಾಯ್ದೆಯ ರಕ್ಷಣೆ ಇದೆ. ಅವರು, ಆಂತರಿಕ ಸಮಿತಿ ಇಲ್ಲದವರ ದೂರು ಕೇಳುವ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು; ಬರೆಯಲು ಬಾರದಿದ್ದರೆ ಬರೆಯಲು ನೆರವಾಗುವುದು ಸಮಿತಿಯದೇ ಹೊಣೆ.

ಪ್ರಶ್ನೆ ಕೇಳಿದವರು (1 ಡಿಸೆಂಬರ್ 2025)

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಇ-ಮೇಲ್ ಕಳುಹಿಸಿದ ಎರಡನೆಯ ದಿನವೇ ಸಮಿತಿಯ ಹೆಸರುಗಳು ಬಂದವು. ದೂರಿನ ಕರಡು ನಾಲ್ಕು ಪುಟವಾಗಿದೆ. ಅವ್ವನಿಗೆ ನಿನ್ನೆ ರಾತ್ರಿ ಹೇಳಿದೆ. ಅಪ್ಪನಿಗೆ ತಾನೇ ಹೇಳುವುದಾಗಿ ತಿಳಿಸಿದ್ದಾಳೆ.

ಒಂದೇ ಸಂದೇಹ ಉಳಿದಿದೆ. ಅಂದು ಗಾಡಿ ಓಡಿಸುತ್ತಿದ್ದವರು ಅಕ್ಕಲಕೋಟೆ ಕಡೆಯವರು, ಕನ್ನಡ ಬಲ್ಲವರು. 'ತಂಗಿ, ನಾ ಕನ್ನಡಿಯೊಳಗ ನೋಡೀನಿ, ಖರೆ. ಆದ್ರ ನನ್ನ ಹೆಸರು ಬಂದ್ರ ಗಾಡಿ ಬಿಡಸ್ತಾರ' ಎಂದರು. ಅವರ ಹೊಟ್ಟೆಯ ಮೇಲೆ ಹೊಡೆಯಲು ನನಗೆ ಮನಸ್ಸಿಲ್ಲ. ಹೆಸರು ಬರೆಯಲೇ, ಬಿಡಲೇ?

ಉತ್ತರ 5: ಮುಲುಂಡ್ ಅಕ್ಕ, ಮುಂಬೈ

ಬರೆಯುವ ಮೊದಲು ಚಾಲಕರಿಗೆ ನಿಜ ಸ್ಥಿತಿಯನ್ನು ಹೇಳಿ. ದೂರಿನ ಸಂಗತಿಯನ್ನಾಗಲಿ ಸಾಕ್ಷಿಗಳ ಗುರುತನ್ನಾಗಲಿ ಬಹಿರಂಗಪಡಿಸುವುದನ್ನು ಕಾಯ್ದೆ ನಿಷೇಧಿಸುತ್ತದೆ. ಆದರೆ ಆರೋಪಿತರಿಗೆ ಏಳು ಕೆಲಸದ ದಿನಗಳೊಳಗೆ ದೂರಿನ ಪ್ರತಿ ಹೋಗುವುದರಿಂದ ಅವರಿಗಂತೂ ಹೆಸರು ತಿಳಿಯುತ್ತದೆ. ಇದನ್ನು ಮುಚ್ಚಿಟ್ಟು ಚಾಲಕರನ್ನು ಸಾಕ್ಷಿ ಮಾಡಿಕೊಳ್ಳುವುದು ನ್ಯಾಯವಲ್ಲ.

ಅವರು ಹಿಂಜರಿದರೆ, ಅಂದು ಆ ಗಾಡಿಯ ಚಾಲಕರು ಸ್ಥಳದಲ್ಲಿದ್ದರು ಎಂದಷ್ಟೇ ಬರೆದು, ಅವರನ್ನು ಸಮಿತಿಯೇ ಕರೆಸಬೇಕೆಂದು ಕೋರಿ. ಸಾಕ್ಷಿಗಳಿಗೆ ಸಮನ್ಸ್ ಕೊಡುವ, ಕಾಗದಪತ್ರ ತರಿಸಿಕೊಳ್ಳುವ ಸಿವಿಲ್ ನ್ಯಾಯಾಲಯದ ಅಧಿಕಾರ ಸಮಿತಿಗಿದೆ. 'ಕರೆದರು, ಬಂದೆ' ಎಂದು ಹೇಳಲು ಸಾಧ್ಯವಾದರೆ ಅವರ ಮೇಲಿನ ಒತ್ತಡ ಎಷ್ಟೋ ಕಡಿಮೆಯಾಗುತ್ತದೆ. ಅದರ ಜೊತೆಗೆ ಸೆಪ್ಟೆಂಬರ್ 18ರ ಗಾಡಿಯ ಟ್ರಿಪ್ ಶೀಟ್ ತರಿಸುವಂತೆಯೂ ಕೇಳಿ. ಮನೆಯವರೆಗೆ ಬರಬೇಕಾದವರು ಮೋಶಿಯಲ್ಲಿ ಇಳಿದದ್ದು ಅದರಲ್ಲಿ ದಾಖಲಾಗಿರಬಹುದು. ರಿಕ್ಷಾಕ್ಕೆ ಫೋನಿನಿಂದ ಹಣ ಕೊಟ್ಟಿದ್ದರೆ, ಆ ಪಾವತಿಯ ವೇಳೆಯನ್ನು ಇಂದೇ ಹುಡುಕಿ ತೆಗೆದಿಟ್ಟುಕೊಳ್ಳಿ.